ಶಾಲೆಗಳ ಒಂದುಗೂಡಿಕೆ: ಕಾನೂನು ಮತ್ತು ಮಗುವಿನ ದಾರಿ

(ಶತಮಾನೋತ್ಸವದ ಅಂಗವಾಗಿ ಹಿಂದವಾಡಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತದ್ದನ್ನು ನನ್ನ ಭಾಗ್ಯವೆಂದೇ ಭಾವಿಸುತ್ತೇನೆ. ಇಂತಹ ವೇಳೆಯಲ್ಲಿ ಹಿಂದಿನವರ ಸ್ಮರಣೆ ಸಹಜವಾದುದು. ಪೂಜೆಗೆ ಒಂದು ಸ್ಥಳ, ಮಕ್ಕಳಿಗೆ ಒಂದು ಶಾಲೆ, ಇವೆರಡನ್ನೂ ಜೊತೆಜೊತೆಯಾಗಿಯೇ ಯೋಚಿಸುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಈ ನಗರದಲ್ಲಿ ಯೇಸುಸಭೆಯ ಗುರುಗಳ ಸಂತ ಪೌಲರ ಶಾಲೆ ಆರಂಭವಾದದ್ದು 1856ರಲ್ಲಿ. ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲಿಟ್ಟದ್ದು 1916ರಲ್ಲಿ. ಶಾಲೆ ಕಟ್ಟುವುದೇ ಊರು ಕಟ್ಟುವುದೆಂದು ಬೆಳಗಾವಿಯ ಜನ ಮತಭೇದವಿಲ್ಲದೆ ನಂಬಿ ಬಂದವರು. ಅಂತಹ ನಾಡಿನಲ್ಲಿ ನಿಂತು ಇಂದು ಶಾಲೆಗಳನ್ನು ಮುಚ್ಚುವ, ಒಂದರೊಡನೆ ಇನ್ನೊಂದನ್ನು ಕೂಡಿಸುವ ವಿಷಯವಾಗಿ ಮಾತನಾಡಬೇಕಾಗಿ ಬಂದಿದೆ. ಇದು ಉತ್ಸವದ ಸಂತೋಷಕ್ಕೆ ಹೊಂದದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವ ಅನೇಕ ಮನೆತನಗಳ ಬೇರುಗಳು ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿವೆ. ಅಲ್ಲಿಯ ಶಾಲೆಯ ಚಿಂತೆ ನಮಗೆ ಪರರ ಚಿಂತೆಯಲ್ಲ.

ಮೊದಲು ಕಾನೂನಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ, 1918ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾನೂನು ಪುರಸಭೆಗಳಿಗೆ ತಮ್ಮ ಸೀಮೆಯಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಕೊಟ್ಟಿತು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಂದ ಈ ಕಾನೂನಿನ ತರುವಾಯ 1923ರಲ್ಲಿ ಮತ್ತು 1947ರಲ್ಲಿ ಇನ್ನೆರಡು ಕಾನೂನುಗಳು ಬಂದವು. 'ಸ್ಕೂಲ್ ಬೋರ್ಡ್' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಮನೆಮಾತಾದದ್ದು ಆ ಕಾಲದಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಮತ್ತು ಹಳೆಯ ಮೈಸೂರು ಭಾಗಗಳು ಒಂದುಗೂಡಿದವು. ಒಂದೊಂದು ಭಾಗಕ್ಕೆ ಒಂದೊಂದು ಶಿಕ್ಷಣ ವ್ಯವಸ್ಥೆ ಇದ್ದುದರಿಂದ ಇಡೀ ರಾಜ್ಯಕ್ಕೆ ಒಂದೇ ಆಗಿ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾನೂನನ್ನು 1961ರಲ್ಲಿ ತರಲಾಯಿತು. ಇದು ನಮ್ಮ ರಾಜ್ಯ ಕಂಡ ಮೊದಲ ಒಂದುಗೂಡಿಕೆ. ಅಂದು ಕೂಡಿಸಿದ್ದು ಕಾನೂನುಗಳನ್ನು, ಶಾಲೆಗಳನ್ನಲ್ಲ. ಶಾಲೆಗಳು ಹೆಚ್ಚುತ್ತಲೇ ಹೋದವು.

ಆಮೇಲಿನ ದಶಕಗಳ ದಿಕ್ಕೂ ಅದೇ ಆಗಿತ್ತು. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಪ್ರತಿ ಮಗುವಿಗೂ ಸುಮಾರು ಒಂದು ಮೈಲಿಯೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂದಿತು. 1976ರ 42ನೆಯ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿ ಕೇಂದ್ರ ಮತ್ತು ರಾಜ್ಯಗಳೆರಡರ ಹೊಣೆಯಾಯಿತು. 1994-95ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ರಾಜ್ಯದಿಂದ ಮೊದಲು ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರ, ಮಂಡ್ಯ, ರಾಯಚೂರುಗಳೊಡನೆ ನಮ್ಮ ಬೆಳಗಾವಿಯೂ ಇತ್ತು. ಇದೇ ಅವಧಿಯಲ್ಲಿ, 1983ರಲ್ಲಿ ಅಂಗೀಕಾರವಾಗಿದ್ದ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಿತು. ಕೊನೆಗೆ 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಾಗಿ, 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿತು. 'ನೆರೆಹೊರೆ' ಎಂದರೆ 1ರಿಂದ 5ನೆಯ ತರಗತಿಯವರಿಗೆ 1 ಕಿಲೋಮೀಟರ್, 6ರಿಂದ 8ನೆಯ ತರಗತಿಯವರಿಗೆ 3 ಕಿಲೋಮೀಟರ್ ಎಂದು ನಿಯಮಗಳು ಹೇಳಿದವು.

ಹೀಗೆ ಸುಮಾರು ಒಂದು ಶತಮಾನ ಕಾಲ ಕಾನೂನು ಶಾಲೆಯನ್ನು ಮಗುವಿನ ಬಳಿಗೆ ಒಯ್ಯುತ್ತ ಬಂದಿತು. ಈಗ ಮಗುವನ್ನು ಶಾಲೆಯ ಬಳಿಗೆ ಒಯ್ಯುವ ಮಾತು ಕೇಳಿಬರುತ್ತಿದೆ. ಈ ತಿರುವಿಗೆ ಕಾರಣಗಳಿಲ್ಲದಿಲ್ಲ. ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ದುಡಿಮೆಗಾಗಿ ಹಳ್ಳಿಯ ಜನ ಬೆಳಗಾವಿ, ಗೋವೆ, ಪುಣೆಗಳಿಗೆ ಹೋಗುತ್ತಾರೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಹಳದಿ ಬಸ್ಸು ಹಳ್ಳಿಯ ಅಗಸೆಯವರೆಗೂ ಬರುತ್ತದೆ. ಶಿಕ್ಷಣ ಹಕ್ಕು ಕಾಯಿದೆಯೇ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಟ್ಟು ಅದರ ವೆಚ್ಚವನ್ನು ಸರಕಾರವೇ ಭರಿಸುವಂತೆ ಮಾಡಿದ್ದರಿಂದ, ಸರಕಾರಿ ಶಾಲೆಗೆ ಬರಬಹುದಾಗಿದ್ದ ಮಕ್ಕಳು ಸರಕಾರದ ಹಣದಲ್ಲಿಯೇ ಖಾಸಗಿ ಶಾಲೆಗೆ ಹೋದರು. 2019ರಲ್ಲಿ ರಾಜ್ಯವು ತನ್ನ ನಿಯಮವನ್ನು ತಿದ್ದಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಯಲ್ಲಿ ಈ ಸ್ಥಾನ ದೊರೆಯದಂತೆ ಮಾಡಿತು. ಅಷ್ಟರೊಳಗೆ ಅನೇಕ ಕಿರಿಯ ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗಿತ್ತು.

ಇದು ಒಂದು ರಾಜ್ಯದ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಕೊಟ್ಟಿರುವ 2016-17ರ ಅಂಕಿಗಳ ಪ್ರಕಾರ ದೇಶದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೇಕಡಾ 28ರಷ್ಟು ಶಾಲೆಗಳಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು. ಒಬ್ಬರೇ ಶಿಕ್ಷಕರಿದ್ದ ಶಾಲೆಗಳು 1,08,017. ಒಬ್ಬ ಮಾಸ್ತರರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಜನಗಣತಿಗೂ ಚುನಾವಣೆಗೂ ಓಡಾಡಿ, ಉಳಿದ ಹೊತ್ತಿನಲ್ಲಿ ಪಾಠ ಹೇಳಬೇಕು. ಅವರು ರಜೆ ಹಾಕಿದ ದಿನ ಶಾಲೆಗೇ ರಜೆ. ಕಾಯಿದೆಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು. ಆದರೆ ಕಾಗದದ ಮೇಲಿನ ಎರಡನೆಯ ಹುದ್ದೆ ಖಾಲಿಯಾಗಿಯೋ ಅತಿಥಿ ಶಿಕ್ಷಕರ ಕೈಯಲ್ಲಿಯೋ ಇರುವುದು ಅಪರೂಪವಲ್ಲ. ಇಂತಹ ಶಾಲೆಯಲ್ಲಿ ಮಗುವಿಗೆ ಜೊತೆಗಾರರಿಲ್ಲ, ಆಟಕ್ಕೆ ತಂಡವಿಲ್ಲ, ಗ್ರಂಥಾಲಯವಿಲ್ಲ. ಆದುದರಿಂದ ಶಾಲೆಗಳನ್ನು ಕೂಡಿಸಬೇಕೆನ್ನುವವರೆಲ್ಲರೂ ಮಕ್ಕಳ ವಿರೋಧಿಗಳೆಂದು ನಾವು ತಿಳಿಯಬಾರದು. ಅವರ ವಾದದಲ್ಲಿ ನ್ಯಾಯವಿದೆ.

ಆ ವಾದದ ಫಲವಾಗಿಯೇ 2018-19ರಲ್ಲಿ ಒಂದೇ ಆವರಣದಲ್ಲಿ ಆರಂಭದಿಂದ 12ನೆಯ ತರಗತಿಯವರೆಗೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಪ್ರಾರಂಭವಾದವು. ಮೊದಲ ವರ್ಷ 176, ಮರುವರ್ಷ ಇನ್ನೂ 100. 2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಶಾಲೆಗಳನ್ನು ಈ ಬಗೆಯದಾಗಿ ಮಾಡುವ ಸಂಕಲ್ಪವನ್ನು ಸಾರಲಾಯಿತು. ಈ ನಡುವೆ 2018ರ ಜುಲೈ ತಿಂಗಳ ಆಯವ್ಯಯದಲ್ಲಿ 1 ಕಿಲೋಮೀಟರ್ ವ್ಯಾಪ್ತಿಯೊಳಗಿನ 28,847 ಸರಕಾರಿ ಶಾಲೆಗಳನ್ನು 8,530 ಶಾಲೆಗಳೊಡನೆ ವಿಲೀನಗೊಳಿಸುವ ಪ್ರಸ್ತಾವ ಬಂದಿತ್ತು. ಸಾಹಿತಿಗಳೂ ಪೋಷಕರೂ ಕನ್ನಡಪರ ಸಂಘಟನೆಗಳೂ ತೀವ್ರವಾಗಿ ವಿರೋಧಿಸಿದುದರಿಂದ ಅದು ಆ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ. 2025ರಲ್ಲಿ ದೊಡ್ಡ ಶಾಲೆಗೆ ಸುತ್ತಲಿನ ಚಿಕ್ಕ ಶಾಲೆಗಳ ಮಕ್ಕಳನ್ನು ಸೇರಿಸುವ ಯೋಚನೆ ಪುನಃ ಚರ್ಚೆಗೆ ಬಂದು ಹಲವೆಡೆ ಪ್ರತಿಭಟನೆಗಳಾದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರಕಾರ ಹೇಳಿತು.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಶಾಲೆಗಳನ್ನು ಒಂದುಗೂಡಿಸುವುದಕ್ಕೆಂದೇ ವಿಧಾನಮಂಡಲದಲ್ಲಿ ಚರ್ಚೆಯಾಗಿ ಬಂದ ಪ್ರತ್ಯೇಕ ಅಧಿನಿಯಮ ನಮ್ಮ ರಾಜ್ಯದಲ್ಲಿಲ್ಲ. ಆಯವ್ಯಯದ ಒಂದು ಪರಿಚ್ಛೇದ, ಇಲಾಖೆಯ ಒಂದು ಆದೇಶ, ಅಧಿಕಾರಿಗಳ ಒಂದು ಸುತ್ತೋಲೆ, ಇವುಗಳಿಂದಲೇ ಕೆಲಸ ಸಾಗುತ್ತದೆ. ಶಾಲೆ ತೆರೆಯುವುದಕ್ಕೆ ನೂರು ವರ್ಷಗಳ ಶಾಸನಗಳು ಬೇಕಾದವು. ಮುಚ್ಚುವುದಕ್ಕೆ ಒಂದು ಹಾಳೆ ಸಾಕಾಗುತ್ತದೆ. ಮುಚ್ಚಿದ ಶಾಲೆಯ ಸಂಖ್ಯೆ ಇಲಾಖೆಯ ಪಟ್ಟಿಯಿಂದ ಹೋದರೆ ಅದರ ಹುದ್ದೆಗಳೂ ಅನುದಾನವೂ ಅಡುಗೆಯವರ ಕೆಲಸವೂ ಹೋಗುತ್ತವೆ. ಮತ್ತೆ ತೆರೆಯಿಸುವುದು ಸುಲಭವಲ್ಲ.

ಬೇರೆ ದೇಶದವರು ಇದನ್ನು ಹೇಗೆ ಮಾಡಿದರೆಂದು ನೋಡಿದರೆ ನಮಗೆ ಕೆಲವು ಪಾಠಗಳು ದೊರೆಯುತ್ತವೆ. ಅಮೆರಿಕದಲ್ಲಿ 'ಶಾಲಾ ಜಿಲ್ಲೆ' ಎಂಬುದು ನಮ್ಮ ಬೆಳಗಾವಿ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗಳಂತೆ ಸರಕಾರದ ಒಂದು ಕಚೇರಿಯಲ್ಲ. ಹೆಚ್ಚಿನ ಕಡೆಗಳಲ್ಲಿ ಅದಕ್ಕೆ ಊರವರೇ ಚುನಾಯಿಸಿದ ಮಂಡಳಿಯೂ ತೆರಿಗೆಯ ಆದಾಯವೂ ಉಂಟು. 1939-40ರಲ್ಲಿ ಅಂತಹ 1,17,000ಕ್ಕೂ ಹೆಚ್ಚು ಜಿಲ್ಲೆಗಳಿದ್ದವು. ಇಂದು ಉಳಿದಿರುವುದು 14,000ಕ್ಕಿಂತ ಕಡಿಮೆ. ಈ ಕೂಡಿಕೆಗಳು ರಾಜ್ಯ ಶಾಸನಸಭೆಗಳ ಕಾನೂನುಗಳ ಮೂಲಕ ಆದವು. ಉದಾಹರಣೆಗೆ ಆರ್ಕನ್ಸಾಸ್ ರಾಜ್ಯವು 2004ರಲ್ಲಿ, ಎರಡು ವರ್ಷ ಸತತವಾಗಿ 350ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಜಿಲ್ಲೆ ಬೇರೊಂದರೊಡನೆ ಸೇರಬೇಕೆಂದು ವಿಧಿಸಿತು. ಪ್ರಯೋಗಶಾಲೆ, ವಿಷಯ ಶಿಕ್ಷಕರು ಮೊದಲಾದ ಲಾಭಗಳಾದವು. ಜೊತೆಗೆ ಮಕ್ಕಳು ದೀರ್ಘಕಾಲ ಬಸ್ಸಿನಲ್ಲಿ ಕಳೆಯುವಂತಾಯಿತು, ಶಾಲೆ ಹೋದ ಚಿಕ್ಕ ಊರುಗಳ ಕಳೆ ಇಳಿಯಿತು ಎಂಬ ದೂರುಗಳೂ ಉಳಿದವು. 2015ರಲ್ಲಿ ಅದೇ ರಾಜ್ಯ ತನ್ನ ಕಾನೂನನ್ನು ತಿದ್ದಿ ವಿನಾಯಿತಿಗೆ ಎಡೆಮಾಡಿಕೊಟ್ಟಿತು. ಅಲ್ಲಿ ಬಸ್ಸು ಇತ್ತು, ರಸ್ತೆ ಇತ್ತು. ಆದರೂ ಬರಿಯ ತಲೆಯೆಣಿಕೆ ಸಾಲದೆಂಬುದು ಅನುಭವದಿಂದ ತಿಳಿಯಿತು.

ನಮ್ಮ ದೇಶದ ಒಳಗೇ ನೋಡುವುದಾದರೆ, ಉತ್ತರ ಪ್ರದೇಶದಲ್ಲಿ 2025ರ ಜೂನ್ 16ರ ಆದೇಶದಂತೆ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೋಡಿಸುವ ಕೆಲಸ ಪ್ರಾರಂಭವಾಯಿತು. ಸೀತಾಪುರ ಜಿಲ್ಲೆಯ 51 ಮಕ್ಕಳು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜುಲೈ 7ರಂದು ಅವರ ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿಯಲ್ಲಿ ಜುಲೈ 24ರಂದು ವಿಭಾಗೀಯ ಪೀಠವು ಸೀತಾಪುರದ ಮಟ್ಟಿಗೆ ಯಥಾಸ್ಥಿತಿಯನ್ನು ಕಾಯ್ದುಕೊಳ್ಳಲು ಆಜ್ಞಾಪಿಸಿತು. ತರುವಾಯ ಸರಕಾರವೇ 1 ಕಿಲೋಮೀಟರಿಗಿಂತ ದೂರದ ಶಾಲೆಗಳನ್ನೂ 50ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳನ್ನೂ ಜೋಡಿಸುವುದಿಲ್ಲವೆಂದು ಹೇಳಿತು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅಲ್ಲಿ ಕೊನೆಗೆ ಕೇಳಲಾಯಿತು. ಅದನ್ನು ಕೇಳಿಸುವುದಕ್ಕೆ ಮಕ್ಕಳು ನ್ಯಾಯಾಲಯಕ್ಕೆ ಹೋಗಬೇಕಾಯಿತು.

ಈಗ ನಮ್ಮ ಊರಿಗೆ ಬರೋಣ. ಹಿಂದವಾಡಿಯಲ್ಲಿ ಒಂದು ಕಿಲೋಮೀಟರ್ ಎಂದರೆ ಏನು? ಗೋವಾವೇಸ್ ವೃತ್ತದವರೆಗಿನ ಸುತ್ತಾಟ, ಬೀದಿದೀಪ, ಪಾದಚಾರಿ ಮಾರ್ಗ, ದಾರಿಯುದ್ದಕ್ಕೂ ಪರಿಚಿತರ ಅಂಗಡಿಗಳು. ಅತ್ತ ಟಿಳಕವಾಡಿ, ಇತ್ತ ಅನಗೋಳ, ವಡಗಾವಿ, ಶಹಾಪುರ. ಎತ್ತ ಹೊರಟರೂ ಒಂದು ಶಾಲೆ ಸಿಕ್ಕುತ್ತದೆ. ಇಲ್ಲಿ ಒಂದೇ ಮಾಧ್ಯಮದ, ಒಂದೇ ಬೀದಿಯ ಎರಡು ಚಿಕ್ಕ ಸರಕಾರಿ ಶಾಲೆಗಳನ್ನು ಕೂಡಿಸಿ ನಾಲ್ಕು ಜನ ಶಿಕ್ಷಕರನ್ನೂ ಒಂದು ಒಳ್ಳೆಯ ಕಟ್ಟಡವನ್ನೂ ಕೊಟ್ಟರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಮಕ್ಕಳಿಗೆ ಅದರಿಂದ ಲಾಭವೇ ಹೆಚ್ಚು.

ಇಲ್ಲಿಂದ ಸುಮಾರು 25 ಕಿಲೋಮೀಟರ್ ಹೋದರೆ ಖಾನಾಪುರ. ಅದರ ಪೂರ್ವಕ್ಕೆ ಬೀಡಿ, ಇಟಗಿಯ ಬಯಲುಸೀಮೆ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ಗುಂಜಿ, ಲೋಂಡಾಗಳ ಮಲೆನಾಡು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಮಹದಾಯಿ ಹುಟ್ಟುವುದು ಭೀಮಗಡದ ಕಾಡಿನಲ್ಲಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನ ಒಳಗೂ ಅಂಚಿನಲ್ಲೂ ಅಮಗಾಂವ್, ಗವಾಳಿ, ಕೊಂಗಳಾ, ಪಾಸ್ತೊಳಿಯಂತಹ ಹಳ್ಳಿಗಳಿವೆ. ಅಮಗಾಂವ್‌ನಲ್ಲಿ 2010ರಲ್ಲಿ 10,000 ಮಿಲಿಮೀಟರಿಗೂ ಮಿಕ್ಕಿ ಮಳೆ ದಾಖಲಾಯಿತು. 2024ರ ಜುಲೈ ತಿಂಗಳಲ್ಲಿ ಅದೇ ಊರಿನಿಂದ ರೋಗಪೀಡಿತ ಮಹಿಳೆಯೊಬ್ಬರನ್ನು ಊರವರು ಮಳೆಯಲ್ಲಿ, ಕಾಡುದಾರಿಯಲ್ಲಿ, ಹೆಗಲ ಮೇಲೆ ಹೊತ್ತು ತಂದ ಸುದ್ದಿಯನ್ನು ತಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೀರಿ. ಹಿರಿಯರೇ ನಡೆಯಲಾರದ ದಾರಿಯಲ್ಲಿ ಆರು ವರ್ಷದ ಮಗು ಪಾಟಿಚೀಲ ಹೊತ್ತು ಹೇಗೆ ನಡೆದೀತು? ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದೂ ಹಳ್ಳ ತುಂಬುವುದೂ ಒಂದೇ ಹೊತ್ತಿಗೆ. ನಕಾಶೆಯ ಮೇಲೆ ಒಂದು ಕಿಲೋಮೀಟರಿನ ಗೆರೆ ಎಳೆದರೆ ಅದು ಹಳ್ಳವನ್ನು ಸಲೀಸಾಗಿ ದಾಟುತ್ತದೆ. ಮಗುವಿನ ಕಾಲು ದಾಟುವುದಿಲ್ಲ. ಕಾಡುಕೋಣವೂ ಕರಡಿಯೂ ಗೆರೆಗೆ ಅಡ್ಡ ಬರುವುದಿಲ್ಲ, ದಾರಿಗೆ ಅಡ್ಡ ಬರುತ್ತವೆ.

ಕಾನೂನು ರಚಿಸಿದವರಿಗೆ ಇದು ತಿಳಿಯದ ಮಾತಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಅಡಿಯಲ್ಲಿ ಕೇಂದ್ರ ಸರಕಾರವು 2010ರಲ್ಲಿ ಮಾಡಿದ ನಿಯಮಗಳಲ್ಲಿಯೇ ದುರ್ಗಮ ಪ್ರದೇಶ, ಭೂಕುಸಿತ, ನೆರೆ, ರಸ್ತೆಯ ಅಭಾವ ಇರುವ ಕಡೆ ಮಕ್ಕಳಿಗೆ ಅಪಾಯವಾಗದಂತೆ ದೂರದ ಮಿತಿಯನ್ನು ಕಡಿಮೆ ಮಾಡಿ ಶಾಲೆಯ ಸ್ಥಳವನ್ನು ಗೊತ್ತುಮಾಡಬೇಕೆಂಬ ಆಶಯವಿದೆ. ಶಾಲೆ ಇಲ್ಲದ ಚಿಕ್ಕ ವಸತಿಗಳ ಮಕ್ಕಳಿಗೆ ಉಚಿತ ವಾಹನ ಅಥವಾ ವಸತಿಯ ಏರ್ಪಾಡು ಮಾಡಬೇಕೆಂಬ ಮಾತೂ ಅಲ್ಲಿದೆ. ಶಾಲೆ ತೆರೆಯುವಾಗ ಅನ್ವಯಿಸುವ ಈ ವಿವೇಕ ಮುಚ್ಚುವಾಗಲೂ ಅನ್ವಯಿಸಬೇಡವೇ? ನನ್ನ ಮಾತಿನ ಸಾರವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ದಾರಿಯ ಜೊತೆಗೆ ಇನ್ನೊಂದು ತೊಡಕು ಭಾಷೆಯದು. ನಮ್ಮ ಗಡಿಸೀಮೆಯ ಒಂದೇ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು ಶಾಲೆಗಳು ಅಕ್ಕಪಕ್ಕದಲ್ಲಿರುವುದುಂಟು. ಮನೆಯಲ್ಲಿ ಕೊಂಕಣಿ ಆಡುವ ಮಗು ಇವುಗಳಲ್ಲಿ ಒಂದಕ್ಕೆ ಹೋಗುತ್ತದೆ. ಲೆಕ್ಕಪತ್ರದಲ್ಲಿ 'ಒಂದು ಊರಿಗೆ ಮೂರು ಶಾಲೆ, ಮೂವತ್ತು ಮಕ್ಕಳು' ಎಂದು ಬರೆಯುವುದು ಸುಲಭ. ಆದರೆ ಅವು ಮೂರು ಭಾಷೆಗಳ ಮೂರು ಬಾಗಿಲುಗಳು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳ ವಿಷಯದಲ್ಲಿ ಹೇಳುತ್ತದೆ. ಈ ಸೀಮೆಯಲ್ಲಿ ಕನ್ನಡ ಶಾಲೆಗಳು ತಾವಾಗಿ ಹುಟ್ಟಿದವುಗಳಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂತಹ ಅಧಿಕಾರಿಗಳು ಊರೂರು ಸುತ್ತಿ ಅವುಗಳನ್ನು ನೆಲೆಗೊಳಿಸಿದರು. ಒಂದು ಚಿಕ್ಕ ಕನ್ನಡ ಶಾಲೆಯನ್ನಾಗಲಿ ಮರಾಠಿ ಶಾಲೆಯನ್ನಾಗಲಿ ಬರಿಯ ಸಂಖ್ಯೆಯ ಕಾರಣದಿಂದ ಮುಚ್ಚಿದರೆ ಅಲ್ಲಿ ಭಾಷೆಗಳ ನಡುವೆ ಇಲ್ಲದ ಕಲಹವೂ ಹುಟ್ಟೀತು.

ಮೂರನೆಯದು ಹೆಣ್ಣುಮಕ್ಕಳ ಪ್ರಶ್ನೆ. ಶಾಲೆ ದೂರವಾದಾಗ ಗಂಡುಮಗುವಿಗೆ ಸೈಕಲ್ಲು, ಹೆಣ್ಣುಮಗುವಿಗೆ ಮನೆಗೆಲಸ ಎಂಬ ರೂಢಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ಅದು ದೊಡ್ಡ ಉಪಕಾರವೇ ಸರಿ. ಆದರೆ ಬಸ್ಸು ಬರುವ ಊರಿಗೆ ಮಾತ್ರ ಉಚಿತ ಬಸ್ಸು.

ಹಾಗಾದರೆ ಮಾಡಬೇಕಾದುದೇನು? ಇದ್ದುದನ್ನು ಇದ್ದಂತೆಯೇ ಬಿಡಬೇಕೆಂದು ನಾನು ಹೇಳಲಾರೆ. ಏಕೋಪಾಧ್ಯಾಯ ಶಾಲೆಯ ಮಗುವಿಗೂ ಒಳ್ಳೆಯ ಶಿಕ್ಷಣದ ಹಕ್ಕಿದೆ. ಕೊಠಾರಿ ಆಯೋಗವು ಅಂದೇ ಸೂಚಿಸಿದ, 2020ರ ನೀತಿಯೂ ಪುನಃ ನೆನಪಿಸಿದ ಒಂದು ಮಧ್ಯಮ ಮಾರ್ಗವಿದೆ, ಅದೇ ಶಾಲಾ ಸಂಕೀರ್ಣ. ಒಂದು ಪ್ರೌಢಶಾಲೆಯನ್ನು ಕೇಂದ್ರವಾಗಿಟ್ಟುಕೊಂಡು 5ರಿಂದ 10 ಕಿಲೋಮೀಟರ್ ಸುತ್ತಲಿನ ಪ್ರಾಥಮಿಕ ಶಾಲೆಗಳೂ ಅಂಗನವಾಡಿಗಳೂ ಒಂದು ಕುಟುಂಬದಂತೆ ನಡೆಯುವುದು. ಶಾಲೆಗಳು ತಮ್ಮ ತಮ್ಮ ಊರಿನಲ್ಲೇ ಉಳಿಯುತ್ತವೆ. ಪುಸ್ತಕ, ಪ್ರಯೋಗದ ಸಲಕರಣೆ, ಇಂಗ್ಲಿಷ್, ಸಂಗೀತ ಮತ್ತು ವ್ಯಾಯಾಮ ಶಿಕ್ಷಕರು ಎಲ್ಲ ಶಾಲೆಗಳಿಗೂ ಹಂಚಿಕೆಯಾಗುತ್ತಾರೆ. ಐವತ್ತು ಮಕ್ಕಳು ಪ್ರತಿದಿನ ಕಾಡು ದಾಟುವುದಕ್ಕಿಂತ ಒಬ್ಬ ಶಿಕ್ಷಕರು ವಾರಕ್ಕೆರಡು ದಿನ ಸಂಚರಿಸುವುದು ಸುಲಭವೂ ಹೌದು, ನ್ಯಾಯವೂ ಹೌದು.

ಕೂಡಿಸಲೇಬೇಕಾದ ಶಾಲೆಗಳಿಗೆ ಸಂಬಂಧಿಸಿ ನಾಲ್ಕು ನಿಬಂಧನೆಗಳು ಆದೇಶದ ಕೃಪೆಯಾಗಿ ಅಲ್ಲ, ಕಾನೂನಿನ ಅಕ್ಷರವಾಗಿ ಇರಬೇಕೆಂದು ನಾನು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಮೊದಲನೆಯದಾಗಿ, ದೂರವನ್ನು ಮಗು ನಡೆಯುವ ದಾರಿಯಲ್ಲಿ, ಮಳೆಗಾಲದಲ್ಲಿ ಅಳೆಯಬೇಕು. ಎರಡನೆಯದಾಗಿ, ಒಂದು ಮಾಧ್ಯಮದ ಶಾಲೆಯನ್ನು ಇನ್ನೊಂದು ಮಾಧ್ಯಮದ ಶಾಲೆಯಲ್ಲಿ ಕರಗಿಸಬಾರದು. ಮೂರನೆಯದಾಗಿ, ವಾಹನ, ಕೋಣೆ, ಶಿಕ್ಷಕರು, ಹೆಣ್ಣುಮಕ್ಕಳ ಶೌಚಾಲಯ, ಬಿಸಿಯೂಟದ ಅಡುಗೆಮನೆ ಇವೆಲ್ಲ ಸಿದ್ಧವಾದ ಮೇಲೆ ಮಾತ್ರ ಹಳೆಯ ಶಾಲೆಯ ಬೀಗ ಹಾಕಬೇಕು. ಬೀಗ ಮೊದಲು, ಬಸ್ಸು ಆಮೇಲೆ ಎಂದಾಗಬಾರದು. ನಾಲ್ಕನೆಯದಾಗಿ, ಪೋಷಕರ ಅಭಿಪ್ರಾಯವನ್ನು ಲಿಖಿತವಾಗಿ ಪಡೆದು, ಒಂದು ವರ್ಷದ ಬಳಿಕ ಹಳೆಯ ಶಾಲೆಯ ಪ್ರತಿ ಮಗು ಎಲ್ಲಿದೆ ಎಂಬುದನ್ನು ಹೆಸರು ಹಿಡಿದು ಪರಿಶೀಲಿಸಬೇಕು. ಮಕ್ಕಳು ಶಾಲೆ ಬಿಟ್ಟಿದ್ದರೆ ಹಳೆಯ ಶಾಲೆಯನ್ನು ಪುನಃ ತೆರೆಯುವ ಬಾಧ್ಯತೆ ಸರಕಾರಕ್ಕಿರಬೇಕು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ಬಲ್ಲ ನಮಗೆ ಈ ನಾಲ್ಕನೆಯ ನಿಬಂಧನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಕಿಗಳಲ್ಲಿ ಶೇಕಡಾ 99 ಎಂಬುದು ಯಶಸ್ಸು. ಆ ಉಳಿದ ಒಂದು ಮಗುವಿಗೆ ಅದು ಸಂಪೂರ್ಣ ಸೋಲು.

ಕಾನೂನು ಬರುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಇರುವ ಕಾನೂನಿನಲ್ಲಿಯೂ ದಾರಿಗಳಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದ ಇವೆ. ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೂ, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕೆಲಸ. ಖಾನಾಪುರದ ಹಳ್ಳಿಗಳಲ್ಲಿರುವ ನಮ್ಮ ಬಂಧುಗಳು ಆ ಸಭೆಗಳಿಗೆ ತಪ್ಪದೆ ಹೋಗಬೇಕು, ನಡಾವಳಿಯ ಪುಸ್ತಕದಲ್ಲಿ ತಮ್ಮ ಮಾತು ದಾಖಲಾಗುವಂತೆ ನೋಡಿಕೊಳ್ಳಬೇಕು. ಕಾಯಿದೆಯ 32ನೆಯ ಕಲಮಿನಂತೆ ಮಗುವಿನ ಹಕ್ಕಿಗೆ ಧಕ್ಕೆಯಾದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ವಕೀಲರು ಬೇಕಾಗಿಲ್ಲ. ಒಂದು ಅರ್ಜಿ ಬರೆದುಕೊಡುವ ಕೈ ಬೇಕು. ನಗರದಲ್ಲಿ ಓದು ಕಲಿತು ನೌಕರಿಯಿಂದ ನಿವೃತ್ತರಾದ ನಮ್ಮಲ್ಲಿ ಅಂತಹ ಕೈಗಳಿಗೆ ಕೊರತೆಯಿಲ್ಲ.

ಕೊನೆಯದಾಗಿ ನಮ್ಮ ಸಂಸ್ಥೆಗಳ ಬಗ್ಗೆ ಒಂದು ಮಾತು. ಸಂವಿಧಾನದ 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ನ್ಯಾಯಾಲಯ ಏನು ಹೇಳಿದರೂ ನಮ್ಮ ಕರ್ತವ್ಯ ಬದಲಾಗುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ ತಂದೆತಾಯಿಗಳನ್ನು ಮಗುವಿನ ಪ್ರಥಮ ಶಿಕ್ಷಕರೆಂದು ಗೌರವಿಸಿತು. ತಂದೆತಾಯಿಗಳೆಂದರೆ ಶುಲ್ಕ ಕಟ್ಟಬಲ್ಲವರು ಮಾತ್ರವಲ್ಲ. ಕಾಡಂಚಿನ ಗೌಳಿಯೂ ತಂದೆ, ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವವಳೂ ತಾಯಿ. ನಗರದ ನಮ್ಮ ಶಾಲೆಯೊಂದು ಖಾನಾಪುರದ ಒಂದು ಸರಕಾರಿ ಶಾಲೆಯ ಜೊತೆ ಸ್ನೇಹ ಬೆಳೆಸಿ, ಪುಸ್ತಕಗಳನ್ನು ಹಂಚಿಕೊಂಡು, ರಜೆಯಲ್ಲಿ ಶಿಕ್ಷಕರನ್ನು ಕಳುಹಿಸಿ, ಅಲ್ಲಿಯ ಮಕ್ಕಳನ್ನು ಇಲ್ಲಿಯ ಪ್ರಯೋಗಶಾಲೆಗೆ ಕರೆತಂದರೆ ಅದೂ ಒಂದು ಬಗೆಯ ಒಂದುಗೂಡಿಕೆಯೇ. ಅದಕ್ಕೆ ಯಾವ ಶಾಲೆಯ ಬೀಗವೂ ಬೇಕಾಗಿಲ್ಲ.

ಸಹೋದರ ಸಹೋದರಿಯರೇ, ಆಯವ್ಯಯ ಮಂಡಿಸುವವರಿಗೆ ಹಣದ ಲೆಕ್ಕ ಅಗತ್ಯ, ಅದನ್ನು ನಾವು ಗೌರವಿಸೋಣ. ಆದರೆ ಒಂದು ಶಾಲೆಗೆ ಎಷ್ಟು ಮಕ್ಕಳಿದ್ದಾರೆಂದು ಕೇಳುವ ಪ್ರತಿಯೊಂದು ಕಾಗದದ ಮೇಲೂ, ಆ ಮಕ್ಕಳಿಗೆ ಮುಂದಿನ ಶಾಲೆ ಎಷ್ಟು ದೂರ, ನಡುವೆ ಯಾವ ಹಳ್ಳ, ಅಲ್ಲಿಯ ಪಾಠ ಯಾವ ಭಾಷೆಯದು ಎಂದು ಕೇಳುವ ಇನ್ನೊಂದು ಸಾಲು ಇರಲೇಬೇಕು. ಆ ಸಾಲನ್ನು ಕಾನೂನಿನಲ್ಲಿ ಬರೆಯಿಸುವ ಕೆಲಸ ನಮ್ಮ ಶಾಸಕರದು. ಅದನ್ನು ಅವರಿಗೆ ನೆನಪಿಸುತ್ತಲೇ ಇರುವ ಕೆಲಸ ನಮ್ಮದು.